ದೊಡ್ಡಮ್ಮ ಆರಿಸಿದ ರೈಲು

ನಮ್ಮ ದೊಡ್ಡಮ್ಮ ಈ ಲೋಕದಲ್ಲಿ ನಂಬುವುದು ಒಬ್ಬರನ್ನೇ: ತನ್ನನ್ನು. ಅದೂ ಕನ್ನಡಕ ಹಾಕಿಕೊಂಡಿದ್ದಾಗ ಮಾತ್ರ!

ಇದಕ್ಕೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ದೂರಬೇಕು. ದೊಡ್ಡಮ್ಮ ಅಲ್ಲೇ ಹತ್ತಿರದ ಕೂಟಗಲ್ಲಿನವಳು. ಮನೆಯಲ್ಲಿ ನೂಲು ತೆಗೆಯುವ ಕಸುಬು; ಗೂಡು ಕೊಳ್ಳಲು ಅವಳೇ ಹೋಗುತ್ತಾಳೆ. ಯಾರೇ ಗೂಡು ಸುರಿದಿರಲಿ, ಮೇಲಿನ ಪದರವನ್ನು ಅವಳು ನೋಡುವುದೇ ಇಲ್ಲ. ರಾಶಿಯೊಳಗೆ ಮೊಣಕೈವರೆಗೆ ಕೈಯಿಳಿಸಿ, ತಳದಿಂದ ಒಂದು ಗೂಡನ್ನು ಎಳೆದು, ಕಿವಿಯ ಬಳಿ ಅಲ್ಲಾಡಿಸಿ, ಆಮೇಲೆ ಮಾತಾಡುತ್ತಾಳೆ. ಇರಲಿ, ಅದು ವ್ಯಾಪಾರ. ಆದರೆ ಅದೇ ಕೈಯನ್ನು ಬದುಕಿನ ಎಲ್ಲ ವಿಷಯಕ್ಕೂ ಇಳಿಸಿದರೆ? ನನ್ನ ಅಕ್ಕನಿಗೆ ಗಂಡು ನೋಡಲು ಮಾಗಡಿಗೆ ಹೋದಾಗ ಎಲ್ಲರೂ ಹಜಾರದಲ್ಲಿ ಹುಡುಗನನ್ನು ನೋಡುತ್ತಿದ್ದರೆ, ಇವಳು ಹಿತ್ತಿಲಲ್ಲಿ ಎಮ್ಮೆಯನ್ನು ನೋಡುತ್ತಿದ್ದಳು.

"ಹುಡ್ಗನ್ನ ಒರ್ಸಿ ತೊಳ್ದು ಕೂರ್ಸವ್ರೆ ಕಣವ್ವ. ಎಮ್ಮೆ ಸುಳ್ಳು ಹೇಳಲ್ಲ."

ಎಮ್ಮೆ ಪಾಸಾಯಿತು. ಭಾವ ಇವತ್ತಿಗೂ ಆ ಎಮ್ಮೆಗೆ ಋಣಿ.

ಅಂಥ ದೊಡ್ಡಮ್ಮ ಹೋದ ವರ್ಷ ವಿಯೆನ್ನಾಕ್ಕೆ ಬಂದಳು. ನಾನು ಆಗ ಅಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡಿಕೊಂಡಿದ್ದೆ. ಇನ್ನೆರಡು ವರ್ಷ ಮುಂದುವರಿಯಲು ಅವಕಾಶ ಸಿಕ್ಕಿತ್ತು. ಚನ್ನಪಟ್ಟಣದಲ್ಲಿರುವ ಅಮ್ಮ ಒಪ್ಪಿರಲಿಲ್ಲ. ಕೊನೆಗೆ ಫೋನಿನಲ್ಲಿ ತೀರ್ಮಾನವಾದದ್ದು ಹೀಗೆ: "ನಿಮ್ ದೊಡ್ಡಮ್ಮ ಬಂದು ನೋಡ್ಲಿ. ಅವ್ಳು ಸರಿ ಅಂದ್ರೆ ಇರು. ಇಲ್ಲ ಅಂದ್ರೆ ಅವ್ಳ ಜತೇಲೇ ವಿಮಾನ ಹತ್ತು."

ನನಗೆ ಉಳಿಯಬೇಕೆಂಬ ಆಸೆ ಬಹಳ ಇತ್ತು. ಆಸೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಹೀಗಾಗಿ ಹೇಳುವ ಬದಲು ತೋರಿಸೋಣ ಎಂದುಕೊಂಡೆ. ವಿಯೆನ್ನಾದಿಂದ ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ಮರಳಬಹುದಾದ ಚೆಂದದ ಊರುಗಳು ಎಷ್ಟೋ ಇವೆ. ಒಂದೆರಡು ತೋರಿಸಿದರೆ ಯಾರ ಮನಸ್ಸಾದರೂ ಕರಗದೆ ಇರುತ್ತದೆಯೇ?

ಇರುತ್ತದೆ.

ಮೊದಲು ಬೆಟ್ಟದ ಮೇಲಿನ ಒಂದು ಕೋಟೆಯ ಚಿತ್ರ ತೋರಿಸಿದೆ. ದೊಡ್ಡಮ್ಮ ಕನ್ನಡಕ ಏರಿಸಿದಳು. "ಬಂಡೆ ನೋಡಕ್ಕೆ ರಾಮನಗರದೋಳು ಇಲ್ಲೀಗಂಟ ಬರ್ಬೇಕಾ?"

ಸರೋವರ ತೋರಿಸಿದೆ. "ನೀರು ಯಾಕವ್ವ ಇಷ್ಟು ನೀಲಿ? ಬೈರಮಂಗಲದ ಕೆರೆ ನೋಡಿರೋಳು ನಾನು. ನೀರು ಬಣ್ಣ ಕಟ್ತು ಅಂದ್ರೆ ಮೇಲ್ಗಡೆ ಯಾರೋ ಏನೋ ಬುಟ್ಟವ್ರೆ ಅಂತ ಅರ್ಥ."

ಬ್ರಾಟಿಸ್ಲಾವಾ ನನ್ನ ತುರುಪಿನ ಎಲೆ. "ದೊಡ್ಡಮ್ಮ, ಬರೀ ಒಂದು ಗಂಟೆ. ಇಳಿದರೆ ಬೇರೆ ದೇಶ!"

"ಒಂದು ಗಂಟೇಲಿ ಬೇರೆ ದೇಶವಾ? ಗಡೀಲಿ ಯಾರೂ ತಡ್ಯಲ್ವಾ?"

"ಇಲ್ಲ."

"ಪೊಲೀಸ್ನೋರು?"

"ಇಲ್ಲ."

"ಹಂಗಾದ್ರೆ ಅದು ಬೇರೆ ದೇಶವೇ ಅಲ್ಲ. ಯಾರೋ ನಿಂಗೆ ಟೋಪಿ ಹಾಕವ್ರೆ!"

ಒಂದು ದೇಶವನ್ನೇ ಹೀಗೆ ರದ್ದು ಮಾಡಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಕೊನೆಗೆ ನದಿಯ ದಡದಲ್ಲಿರುವ ಹಳದಿ ಬಣ್ಣದ ದೊಡ್ಡ ಮಠವೊಂದನ್ನು ತೋರಿಸಿದೆ. ಮುಖ ಅರಳಿತು. "ಮಠವಾ? ಹಂಗಾದ್ರೆ ಊಟ ಹಾಕ್ತಾರೆ. ನಡಿ."

ಅಲ್ಲಿ ಊಟ ಹಾಕುವುದಿಲ್ಲ ಎಂದು ನಾನು ಹೇಳಲಿಲ್ಲ. ಅಷ್ಟು ಪ್ರಾಮಾಣಿಕತೆ ಆಗ ನನಗೆ ದುಬಾರಿಯಾಗಿತ್ತು.

ನಿಲ್ದಾಣದಲ್ಲಿ ಗೇಟಿಲ್ಲ, ಒಳಗೆ ಬಿಡುವಾಗ ಟಿಕೆಟ್ ಕೇಳುವವರಿಲ್ಲ. ಇದು ದೊಡ್ಡಮ್ಮನಿಗೆ ಸರಿ ಕಾಣಲಿಲ್ಲ. "ಕೇಳ್ದೆ ಒಳೀಕ್ ಬುಟ್ರು ಅಂದ್ರೆ ಆಚೀಕ್ ಬುಡೋವಾಗ ಏನೋ ಕೀಳ್ತಾರೆ, ಹುಷಾರು!" ರೈಲು ಬಂದು ನಿಂತಿತು. ನಾನು ಇನ್ನೂ ಯಂತ್ರದ ಮುಂದೆ ನಿಂತು ಟಿಕೆಟ್ ತೆಗೆಯುತ್ತಿದ್ದೆ. ನಮ್ಮ ಕಡೆ ಬೆಂಗಳೂರಿನ ರೈಲು ಬಂದಾಗ ಏನು ಮಾಡುತ್ತೇವೆ? ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವೆ. ಇಲ್ಲಿ ಕಿಟಕಿ ತೆರೆಯುವುದಿಲ್ಲ! ದೊಡ್ಡಮ್ಮ ಎದೆಗುಂದಲಿಲ್ಲ. ತಾನೇ ಒಳಗೆ ನುಗ್ಗಿ, ಸೀಟಿನ ಮೇಲೆ ತನ್ನ ಚೀಲವಿಟ್ಟು, ನನ್ನನ್ನು ಕರೆಯಲು ಇಳಿದು ಬಂದಳು.

ನಾವು ಮರಳಿದಾಗ ಬೋಗಿಯ ಬಾಗಿಲಲ್ಲಿ ಸಮವಸ್ತ್ರದ ಇಬ್ಬರು ನಿಂತಿದ್ದರು. ಒಳಗಿದ್ದವರನ್ನೆಲ್ಲ ಕೆಳಗಿಳಿಸಿದ್ದರು. ವಾರಸುದಾರರಿಲ್ಲದ ಚೀಲವೊಂದು ಸಿಕ್ಕಿದೆಯಂತೆ ಎಂದು ಪಕ್ಕದವರು ಹೇಳಿದ್ದನ್ನು ನಾನು ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ಅವಳು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ನಾನ್ ಹೇಳ್ಲಿಲ್ವಾ? ಗೇಟಿಲ್ದಿರೋ ಕಡೆ ಹಿಂಗೇ ಆಗದು! ಯಾವನೋ ಕಳ್ ನನ್ಮಗ ಇಟ್ಟು ಓಡೋಗವ್ನೆ. ಹತ್ರ ಹೋಗ್ಬ್ಯಾಡ!"

ನಾನು ಕಿಟಕಿಯಲ್ಲಿ ಇಣುಕಿದೆ. ಸೀಟಿನ ಮೇಲೆ ಚನ್ನಪಟ್ಟಣದ ಮದುವೆಯೊಂದರ ತಾಂಬೂಲದ ಚೀಲ, ವಧೂವರರ ಹೆಸರಿನ ಸಮೇತ, ಗಂಭೀರವಾಗಿ ಕುಳಿತಿತ್ತು.

ಆಮೇಲಿನ ವಿಚಾರಣೆಯನ್ನು ನಾನು ಆದಷ್ಟು ಮರೆಯಲು ಯತ್ನಿಸಿದ್ದೇನೆ. ಕೊನೆಗೆ ಚೀಲ ಬಿಚ್ಚಿದರು. ಕೋಡುಬಳೆ. ದೊಡ್ಡಮ್ಮ ದೊಡ್ಡ ಮನಸ್ಸು ಮಾಡಿ ಅಧಿಕಾರಿಗೆ ಒಂದನ್ನು ನೀಡಿದಳು. ಆತ ಕೈ ಅಡ್ಡ ಹಿಡಿದ.

"ತಿನ್ನಲ್ಲ ಅಂತಾನಲ್ಲ! ಏನ್ ಅನುಮಾನದ ಜನಾನವ್ವ ಇವ್ರು!"

ರೈಲು ನಮ್ಮನ್ನು ಬಿಟ್ಟು ಹೋಯಿತು. ಮಠವೂ ಹೋಯಿತು. ಅವಳು ಊರಿಗೆ ಹೊರಡಲು ಮರುದಿನವೊಂದೇ ಉಳಿದಿತ್ತು. ತೀರ್ಪಿನ ಬಗ್ಗೆ ಅವಳು ತುಟಿ ಬಿಚ್ಚಿರಲಿಲ್ಲ.

ಬೆಳಗ್ಗೆ ನಾನು ಇನ್ನೊಂದು ಊರಿನ ಚಿತ್ರ ತೆಗೆಯುವಷ್ಟರಲ್ಲಿ ಅವಳು ಫೋನನ್ನು ಮಗುಚಿಟ್ಟಳು. "ಇವತ್ತು ನಾನು ಆರಿಸ್ತೀನಿ. ನೀನು ದಿನಾ ಕೆಲ್ಸಕ್ಕೆ ಹೋಗೋ ರೈಲು ಯಾವ್ದು?"

"ಅಲ್ಲಿ ನೋಡಲು ಏನೂ ಇಲ್ಲ ದೊಡ್ಡಮ್ಮ."

"ಏನೂ ಇಲ್ಲ ಅಂದ್ಮೇಲೆ ಯಾಕೆ ಗಾಬ್ರಿ?"

ಗಾಬರಿಯಾಗಿದ್ದು ನಿಜ. ರೈಲು ಹತ್ತಿದೆವು. ದೊಡ್ಡಮ್ಮ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಲಿಲ್ಲ; ಎದುರಿಗೆ ಕೂತ ಜನರನ್ನು ನೋಡಿದಳು. ನಗರದಂಚಿನ ಸಣ್ಣ ನಿಲ್ದಾಣದಲ್ಲಿ ಇಳಿದೆವು. ಶನಿವಾರವಾದ್ದರಿಂದ ನನ್ನ ಪ್ರಯೋಗಾಲಯ ಮುಚ್ಚಿತ್ತು. ಹಿಂದೆ ಕುಂಬಳದ ಹೊಲ.

"ಮಧ್ಯಾಹ್ನ ಎಲ್ಲಿ ಊಟ ಮಾಡ್ತೀಯ?"

ನಾನು ಕ್ಯಾಂಟೀನಿನ ಗಾಜಿನ ಬಾಗಿಲನ್ನು ತೋರಿಸಿದೆ. ಅವಳು ಆ ಬಾಗಿಲನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನಿಜ ಹೇಳು."

ಹೊಲದ ಅಂಚಿನಲ್ಲಿದ್ದ ಮರದ ಬೆಂಚನ್ನು ತೋರಿಸಿದೆ. ಕ್ಯಾಂಟೀನಿನಲ್ಲಿ ನಾಲ್ಕು ಜನ ನಗುತ್ತಾ ಕೂತಿರುವ ಮೇಜಿಗೆ ಹೋಗಿ ಕುರ್ಚಿ ಎಳೆದುಕೊಳ್ಳುವುದು ನನ್ನಿಂದ ಆಗಿರಲಿಲ್ಲ. ಭಾಷೆ ಬರುತ್ತಿತ್ತು, ಬಾಯಿ ಬರುತ್ತಿರಲಿಲ್ಲ.

"ಯಾರ ಜತೆ?"

ನಾನು ಖಾಲಿ ಬೆಂಚನ್ನೇ ನೋಡಿದೆ. ಮುಗಿಯಿತು ಎಂದುಕೊಂಡೆ. ಕೋಟೆ, ಸರೋವರ, ದೇಶ, ಎಲ್ಲವನ್ನೂ ತಳ್ಳಿಹಾಕಿದವಳು ಈ ಬೆಂಚನ್ನು ಬಿಡುತ್ತಾಳೆಯೇ?

ದೊಡ್ಡಮ್ಮ ಹೋಗಿ ಬೆಂಚಿನ ಮೇಲೆ ಕೂತಳು. ಮನೆಯಿಂದ ತಂದಿದ್ದ ಡಬ್ಬಿ ಬಿಚ್ಚಿ ಚಿತ್ರಾನ್ನವನ್ನು ಎರಡು ಪಾಲು ಮಾಡಿದಳು. ಇಬ್ಬರೂ ತಿಂದೆವು. ಕೈ ತೊಳೆದು ಅವಳು ಅಮ್ಮನಿಗೆ ಫೋನು ಹಚ್ಚಿದಳು.

"ನೋಡ್ದೆ ಕಣೇ. ಎಲ್ಲಾ ನೋಡ್ದೆ. ಚೆಂದಾಗವ್ಳೆ, ಇರ್ಲಿ ಬುಡು… ಊಹೂಂ, ಒಬ್ಳೇ ಏನಿಲ್ಲ. ಊಟಕ್ಕೆ ಜತೇಲಿ ಜನ ಕೂತ್ಕತಾರೆ. ನಾನೇ ಕಣ್ಣಾರೆ ನೋಡಿವ್ನಿ."

ಫೋನು ಇಟ್ಟ ಮೇಲೆ ಕೇಳಿದೆ. "ಯಾಕೆ ದೊಡ್ಡಮ್ಮ ಸುಳ್ಳು ಹೇಳಿದೆ?"

"ಸುಳ್ಳೆಲ್ ಬಂತು? ಇವತ್ತು ನಾನು ಕೂತಿರ್ಲಿಲ್ವಾ?"

ಅವಳು ನನ್ನ ಭುಜದ ಮೇಲಿದ್ದ ಒಂದು ಅನ್ನದಗುಳನ್ನು ತೆಗೆದು ಹೊಲಕ್ಕೆ ಎಸೆದಳು. ಆಮೇಲೆ ಗಾಜಿನ ಬಾಗಿಲಿನ ಕಡೆ ಗದ್ದ ತೋರಿಸಿದಳು.

"ಸೋಮವಾರದಿಂದ ಅದ್ನ ನಿಜ ಮಾಡದು ನಿನ್ ಕೆಲ್ಸ."