ಕಾವಿಗೆ ಕೂತ ಕಾರು

ನನ್ನಲ್ಲೊಂದು ಕೆಟ್ಟ ಗುಣವಿದೆ. ಕಣ್ಣಾರೆ ಕಾಣದ್ದನ್ನು ಕಂಡೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಇದನ್ನು ಒಳ್ಳೆಯ ಗುಣವೆಂದು ಹೊಗಳುವವರು ಯಾರೂ ನನ್ನ ಜೊತೆ ಸಂಸಾರ ಮಾಡಿದವರಲ್ಲ. ಹುಣಸೂರಿನಲ್ಲಿ ಮನೆ ಮಾಡಿಕೊಂಡು ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದ ಕಾಲದಲ್ಲಿ ಅಂಟಿಕೊಂಡ ಚಾಳಿ ಇದು. ಪಕ್ಕದ ಮನೆಯವರು ಬಂದು “ನಿಮ್ಮ ಮನೆಯವರು ಇದ್ದಾರಾ?” ಎಂದು ಕೇಳಿದರೆ, “ಹತ್ತು ನಿಮಿಷದ ಹಿಂದೆ ಅಡುಗೆಮನೆಯಲ್ಲಿದ್ದರು” ಎನ್ನುತ್ತಿದ್ದೆ. ಒಮ್ಮೆ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯೊಂದರಲ್ಲಿ ಹುಲಿ ಕರುವನ್ನು ಹಿಡಿದಾಗ, ಹುಲಿಯನ್ನು ನಾನು ಕಂಡಿರಲಿಲ್ಲವಾದ್ದರಿಂದ ‘ಹುಲಿ ಎನ್ನಲಾಗಿದೆ’ ಎಂದು ಬರೆದೆ. ಕರುವಿನ ಯಜಮಾನ ಪತ್ರಿಕೆ ಹಿಡಿದುಕೊಂಡೇ ಬಂದ. “ಅಲ್ಲಾ ಸ್ವಾಮಿ, ಉಲಿ ಬಂತಂತೆ ಅಂತ ಬರ್ದಿದ್ದೀರಲ್ಲ, ನನ್ ಕರಾನೂ ಸತ್ತೋಯ್ತಂತೆ ಅನ್ನನಾ?” ಎಂದು ಕೇಳಿದ. ಕಾಫಿ ಕೊಟ್ಟು ಕಳಿಸಿದೆ.

ಈ ಗುಣ ನನ್ನ ಹೆಂಡತಿಯ ತಮ್ಮ ಪುಟ್ಟಸ್ವಾಮಿಯ ಬದುಕಿಗೇ ಅಡ್ಡ ಬಂದ ಸಂಗತಿಯನ್ನು ಹೇಳಬೇಕು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪುಟ್ಟಸ್ವಾಮಿ ಹುಣಸೂರಿನ ಬಸ್ಸಿನವರೊಬ್ಬರ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ಕಾಗಿದ್ದವನು, ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹಳೇ ಕಾರುಗಳ ಹಿಂದೆ ಬಿದ್ದ. ಕೊಟ್ಟಿಗೆಯಲ್ಲೋ ಹುಲ್ಲಿನ ಮೆದೆಯ ಮರೆಯಲ್ಲೋ ತುಕ್ಕು ಹಿಡಿದು ನಿಂತ ವಿಲಾಯತಿ ಕಾರುಗಳನ್ನು ಹುಡುಕುವುದು, ತಿಂಗಳುಗಟ್ಟಲೆ ರಿಪೇರಿ ಮಾಡಿ ಹೊಳೆಯುವಂತೆ ಮಾಡುವುದು, ಆಮೇಲೆ ಹರಾಜು ಹಾಕುವುದು. ಹರಾಜು ಯಾಕೆ, ಒಂದು ಬೆಲೆ ಹೇಳಿ ಮಾರಬಾರದೇ ಎಂದು ಕೇಳಿದ್ದೆ. “ಬೆಲೆ ಹೇಳಕ್ಕೆ ನಂಗೆ ಬಾಯೇ ಬರಲ್ಲ ಭಾವ. ಮಗೂನ ಮಾರ್ದಂಗಾಯ್ತದೆ. ಅವ್ರವ್ರೇ ಕೂಗ್ಕಳ್ಳಿ ಬುಡಿ” ಎಂದ. ಹೀಗೆ ಪಿರಿಯಾಪಟ್ಟಣದಲ್ಲಿ ಒಂದು, ಕೋಟೆಯಲ್ಲಿ ಒಂದು ಕಾರನ್ನು ಹರಾಜು ಹಾಕಿದ್ದ. ಎರಡೂ ಸಲ ಬಂದವರಲ್ಲಿ ಕೊಳ್ಳುವವರಿಗಿಂತ ಹಾರನ್ ಒತ್ತಿ ನೋಡುವವರೇ ಹೆಚ್ಚಾಗಿ, ಕಾರು ಹೋಗಲೇ ಇಲ್ಲ. ಮೂರನೆಯದು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ್ದು. ಇದೂ ಹೋಗದಿದ್ದರೆ ಸೋಮವಾರ ವರ್ಕ್‌ಶಾಪಿಗೆ ವಾಪಸು ಬರುತ್ತೇನೆಂದು ಹಳೇ ಯಜಮಾನರಿಗೆ ಮಾತು ಕೊಟ್ಟಿದ್ದ. ಅವರು ಜಾಗ ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು.

ಭೇರ್ಯದ ಕಾರು ಕೆಂಪಜ್ಜಿ ಎಂಬ ಮುದುಕಿಯದು. ಆಕೆಯ ಗಂಡ ದೊಡ್ಡ ಮನೆಯೊಂದರಲ್ಲಿ ಡ್ರೈವರಾಗಿದ್ದವನು. ಧಣಿಗಳು ಊರು ಬಿಡುವಾಗ ಕಾರನ್ನು ಅವನಿಗೇ ಕೊಟ್ಟು ಹೋಗಿದ್ದರು. ಅವನು ತೀರಿಕೊಂಡ ಮೇಲೆ ಅದು ಹಸುವಿನ ಪಕ್ಕದಲ್ಲಿ ಇನ್ನೊಂದು ಹಸುವಿನಂತೆ ನಿಂತಿತ್ತು. ಪುಟ್ಟಸ್ವಾಮಿ ಆ ಕೊಟ್ಟಿಗೆಯಲ್ಲೇ ಕೂತು ಎಂಜಿನ್ ಬಿಚ್ಚಿ ಕಟ್ಟಿದ, ಬಣ್ಣ ಬಳಿಸಿದ, ಸೀಟಿಗೆ ತೆಂಗಿನ ನಾರು ತುಂಬಿಸಿ ಹೊಸ ಬಟ್ಟೆ ಹೊಲಿಸಿದ. ಹರಾಜಿನಲ್ಲಿ ಬಂದದ್ದರಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಮಾತಾಗಿತ್ತು. ಹರಾಜಿನ ಪ್ರಕಟಣೆ ಬರೆದುಕೊಟ್ಟವನು ನಾನು: ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಕಾರನ್ನು ರಸ್ತೆಯಲ್ಲಿ ಓಡಿಸಿ ತೋರಿಸಲಾಗುವುದು. ಪುಟ್ಟಸ್ವಾಮಿಯನ್ನು ಕೇಳಿ ದಿನ ಗೊತ್ತು ಮಾಡಿದೆ. ಕಾರಿನ ಒಡತಿಯನ್ನು ಕೇಳುವುದು ಮರೆತೆ. ನನ್ನ ಕೈಕೆಳಗೆ ಕಲಿಯುವ ಹುಡುಗ ಯಾರಾದರೂ ಇಂಥ ತಪ್ಪು ಮಾಡಿದ್ದರೆ ಒಂದು ಗಂಟೆ ಬುದ್ಧಿ ಹೇಳುತ್ತಿದ್ದೆ.

ಭಾನುವಾರ ನಾವು ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದರೆ, ಹೊಸ ಸೀಟಿನ ಮೇಲೆ ಒಂದು ಕೆಂಚು ಹ್ಯಾಟೆ ಕೋಳಿ ರೆಕ್ಕೆ ಹರಡಿಕೊಂಡು ಕೂತಿದೆ. ಪುಟ್ಟಸ್ವಾಮಿ ಕೈ ಚಾಚಿದ. ಹಿಂದಿನಿಂದ ಕೆಂಪಜ್ಜಿಯ ದನಿ ಬಂತು.

“ಏಯ್, ಮುಟ್ಟೀಯ! ಕಾವಿಗೆ ಕೂತೈತೆ ಕಣಪ್ಪ. ಒಂಬತ್ತು ಮೊಟ್ಟೆ. ಮರಿ ಆಗೋಗಂಟ ಅಲ್ಲಾಡಿಸ್ಕೂಡ್ದು.”

“ಅಜ್ಜಿ, ಇವತ್ತು ಅರಾಜು!”

“ಆಗ್ಲಿ, ಯಾರ್ ಬ್ಯಾಡ ಅಂದ್ರು? ಮೆಲ್ಲಕ್ ಮಾತಾಡ್ಕಳಿ.”

ನಾನು ಪುಸ್ತಕ ತೆಗೆದು, ಕೋಳಿ ಕೂತದ್ದು ಯಾವತ್ತು ಎಂದು ಕೇಳಿ ಬರೆದುಕೊಂಡೆ. ಮರಿ ಆಗಲು ಇನ್ನೂ ಒಂದು ವಾರವಿತ್ತು. ಮೊಟ್ಟೆಗಳನ್ನು ಬುಟ್ಟಿಗೆ ಹಾಕಿ ಕೋಳಿಯನ್ನು ಅದರ ಮೇಲೆ ಕೂರಿಸಬಹುದಲ್ಲ ಎಂದೆ. ಕೆಂಪಜ್ಜಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, “ಜಾಗ ಬದ್ಲಾಯ್ಸುದ್ರೆ ಕಾವು ಬುಟ್ ಎದ್ದೋಯ್ತದೆ. ಇವ್ರು ಪಟ್ಟಣದೋರಾ?” ಎಂದು ಪುಟ್ಟಸ್ವಾಮಿಯನ್ನು ಕೇಳಿದಳು.

ಹತ್ತು ಗಂಟೆಗೆ ಜನ ಬಂದರು. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ ಇಬ್ಬರೇ ಗಿರಾಕಿಗಳು: ಹುಣಸೂರಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು, ಕೊಡಗಿನ ಕಾಫಿ ತೋಟದ ಯಜಮಾನರೊಬ್ಬರು. ಅಲ್ಲಿ ನಡೆದಂಥ ಹರಾಜನ್ನು ನಾನು ಬೇರೆಲ್ಲೂ ನೋಡಿಲ್ಲ. ಕೂಗಬೇಕಾದ ಪುಟ್ಟಸ್ವಾಮಿ ಬಾಗಿ ನಿಂತು, ಸಾವಿನ ಮನೆಯಲ್ಲಿ ಮಾತಾಡುವವನಂತೆ ಪಿಸುಗುಟ್ಟುತ್ತಿದ್ದ. ಯಾರೋ ಕೆಮ್ಮಿದರೆ ಕೆಂಪಜ್ಜಿ ಕಣ್ಣು ಬಿಡುತ್ತಿದ್ದಳು. ತೋಟದ ಯಜಮಾನರು ಬಾನೆಟ್ ಎತ್ತಿಸಿ ನೋಡಿ ತಲೆದೂಗಿದರು. “ಕೆಲಸ ಚೆನ್ನಾಗಿ ಮಾಡಿದ್ದೀಯ. ಎಲ್ಲಿ, ಸ್ಟಾರ್ಟ್ ಮಾಡು” ಎಂದರು.

“ಒಂದ್ ವಾರ ಆಗ್ಬೇಕು ಸ್ವಾಮಿ” ಎಂದ ಪುಟ್ಟಸ್ವಾಮಿ.

“ಓಡದ ಕಾರಿಗೆ ಹೇಗಪ್ಪಾ ಸವಾಲು ಹಾಕೋದು?” ಎಂದು ಅವರು ಸುತ್ತಲೂ ನೋಡಿದರು. ಕೈಯಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು ಇದ್ದ ನಾನು ಕಣ್ಣಿಗೆ ಬಿದ್ದೆ. “ನೀವು ಪತ್ರಿಕೆಯವರಲ್ವಾ? ನಿಮ್ಮ ಮಾತನ್ನ ನಂಬ್ತೀನಿ. ಇದು ಓಡಿದ್ದನ್ನ ನೀವು ನೋಡಿದ್ದೀರಾ?”

ಪುಟ್ಟಸ್ವಾಮಿ ನನ್ನನ್ನೇ ನೋಡುತ್ತಿದ್ದ. ಕಾರು ಓಡುತ್ತದೆಂದು ಅವನು ನನಗೆ ಹತ್ತು ಸಲ ಹೇಳಿದ್ದ. ಅವನು ಸುಳ್ಳು ಹೇಳುವವನಲ್ಲ ಎಂಬುದೂ ನನಗೆ ಗೊತ್ತಿತ್ತು. ಒಂದು ‘ಹೂಂ’ ಸಾಕಾಗಿತ್ತು.

“ನಾನು ನೋಡಿಲ್ಲ” ಎಂದೆ.

ಹೊಗೆಸೊಪ್ಪಿನವರು ಚಪ್ಪಲಿ ಮೆಟ್ಟಿಕೊಂಡರು. ಪುಟ್ಟಸ್ವಾಮಿ ಬಾನೆಟ್ಟನ್ನು ಸದ್ದಾಗದಂತೆ ಮುಚ್ಚಿ, ಅದರ ಮೇಲೊಮ್ಮೆ ಕೈಯಾಡಿಸಿದ. ಅವನಾಗಲೇ ವರ್ಕ್‌ಶಾಪಿಗೆ ಹೊರಟುಬಿಟ್ಟಂತೆ ಕಂಡಿತು.

“ನಾ ಕಂಡಿವ್ನಿ” ಎಂದಳು ಕೆಂಪಜ್ಜಿ. ಎಲ್ಲರೂ ತಿರುಗಿದರು. “ಓದ್ ತಿಂಗ್ಳು ಇವ್ನು ಇದ್ನ ಸುರು ಮಾಡ್ದ ನೋಡಿ, ನಮ್ ಅಸ ಎದ್ರಿ ಗೂಟಾನೇ ಕಿತ್ಕಂಡ್ ಓಡೋಯ್ತು. ಆಮೇಕೆ ಇದ್ರಲ್ಲೇ ನನ್ ಕೂರಿಸ್ಕಂಡು ಸಾಲಿಗ್ರಾಮದ್ ಗಂಟ ಬೆನ್ನತ್ತುದ್ನಲ್ಲಾ! ಅಸ ಸುಸ್ತಾಗಿ ನಿಂತ್ಕತು ಕಣ್ರಪ್ಪ. ಇದು ನಿಲ್ನಿಲ್ಲ.”

ತೋಟದ ಯಜಮಾನರು ನಗಲು ಬಾಯಿ ತೆರೆದವರು ಕೋಳಿಯನ್ನು ನೆನೆದು ಕೈ ಅಡ್ಡ ಹಿಡಿದುಕೊಂಡರು. ಆಮೇಲೆ ಸವಾಲು ಕೂಗುವ ಬದಲು ಒಂದು ಬೆರಳು ಎತ್ತಿದರು. ಹೊಗೆಸೊಪ್ಪಿನವರು ಮೆಟ್ಟಿದ ಚಪ್ಪಲಿಯಲ್ಲೇ ನಿಂತು ಎರಡು ಬೆರಳು ಎತ್ತಿದರು. ಸವಾಲು ಏರುತ್ತಾ ಹೋಗಿ ಕಾರು ಕೊಡಗಿನವರ ಪಾಲಾಯಿತು. ಮರಿಗಳಾದ ಮೇಲೆ ತೋಟಕ್ಕೆ ತಲುಪಿಸಬೇಕು, ಅವರಲ್ಲಿರುವ ಇನ್ನೊಂದು ಹಳೇ ಕಾರನ್ನೂ ಪುಟ್ಟಸ್ವಾಮಿಯೇ ನೋಡಬೇಕು ಎಂದು ಮಾತಾಯಿತು. ಸೋಮವಾರ ಅವನು ವರ್ಕ್‌ಶಾಪಿಗೆ ಹೋದ, ಬರುವುದಿಲ್ಲ ಎಂದು ಹೇಳಿ ಬರಲು.

ಮನೆಯಲ್ಲಿ ನನಗೆ ಸನ್ಮಾನವೇನೂ ಕಾದಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ ಹೆಂಡತಿ, “ಆಯಮ್ಮ ಕಂಡಿದ್ದನ್ನ ಹೇಳಿದ್ರು, ನೀವು ಕಂಡಿಲ್ಲ ಅನ್ನೋದನ್ನ ಹೇಳಿದ್ರಿ. ನಿಮ್ಮದೂ ಸತ್ಯಾನೇ ಬಿಡಿ” ಎಂದು ಒಳಗೆ ಹೋದಳು. ಆ ವಾರವಿಡೀ ಸತ್ಯಕ್ಕೆ ತಕ್ಕಂತೆ ಕಾಫಿಯೂ ತಣ್ಣಗೇ ಬಂತು.

ಮರಿಗಳಾದವು. ಪುಟ್ಟಸ್ವಾಮಿ ಕಾರು ತಲುಪಿಸಲು ಹೊರಟವನು ನನ್ನನ್ನು ಭೇರ್ಯಕ್ಕೆ ಕರೆಸಿಕೊಂಡು ಮುಂದಿನ ಸೀಟಿನಲ್ಲಿ ಕೂರಿಸಿದ. ಸಾಲಿಗ್ರಾಮ ದಾಟಿ, ಎತ್ತಿನ ಗಾಡಿಗಳ ಗಂಟೆ ಸದ್ದಿನ ನಡುವೆ ನುಸುಳಿ, ಹುಣಸೂರಿನ ನಮ್ಮ ಮನೆ ಮುಂದೆ ನಿಲ್ಲಿಸಿದ. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು.

“ಈಗಾದ್ರೂ ನೋಡಿದ್ರಾ ಭಾವ, ಓಡಿದ್ದ?” ಎಂದ.

ಅವನು ಗೇರ್ ಬದಲಾಯಿಸಿದ ಮೊದಲ ಗಳಿಗೆಯಿಂದ ಅಲ್ಲಿಯವರೆಗೂ ನಾನು ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಒಂದು ಮರವನ್ನಾಗಲಿ, ಒಂದು ಗಾಡಿಯನ್ನಾಗಲಿ ಕಂಡವನಲ್ಲ. ಅಕ್ಕ ತಮ್ಮ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ನೋಡಿದೆ” ಎಂದೆ.

ಕಾಣದ್ದನ್ನು ಕಂಡೆ ಎಂದು ನಾನು ಕೊಟ್ಟ ಸುದ್ದಿ ಅದೊಂದೇ. ಅದನ್ನು ಇವತ್ತಿನವರೆಗೂ ಯಾರೂ ಅಲ್ಲಗಳೆದಿಲ್ಲ.