ಐದು ಚಟ್ಟಿಯ ತೋಟಕ್ಕೊಂದು ಟ್ರ್ಯಾಕ್ಟರು

ಹಳೆಯ ಯಂತ್ರ ರಿಪೇರಿ ಮಾಡುವವರ ಮನೆಯಲ್ಲಿ ವಾರಕ್ಕೊಂದಾದರೂ ನಗೆಪಾಟಲಿನ ಸಂಗತಿ ನಡೆದೇ ನಡೆಯುತ್ತದೆ. ನಮ್ಮಲ್ಲಿ ಹಾಗೆಲ್ಲ ಇಲ್ಲ ಎಂದು ಯಾರಾದರೂ ಹೇಳಿದರೆ ಅವರಿನ್ನೂ ಯಂತ್ರವನ್ನು ಬಿಚ್ಚಿಲ್ಲ ಎಂದೇ ತಿಳಿಯಬೇಕು. ನಾನು ಬಿಚ್ಚಿದವನು. ಗಲ್ಫಿನ ಒಂದು ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ಫೋರ್‌ಮನ್ ಆಗಿದ್ದೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಮನೆಯವರಿಗೆ ಮುಖ ತೋರಿಸಿ ಹೋಗುತ್ತಿದ್ದೆ. ಕೊನೆಗೆ ಎಲ್ಲ ಬಿಟ್ಟು ದೇರೆಬೈಲಿನ ಮನೆಯಲ್ಲಿ ಬಂದು ಕೂತೆ. ಸುಮ್ಮನೆ ಕೂತದ್ದು ಎಂಟು ದಿನ. ಒಂಬತ್ತನೆಯ ದಿನ ಕಾಟಿಪಳ್ಳದ ಒಂದು ಗುಜರಿ ಅಂಗಡಿಯಲ್ಲಿ ಅದನ್ನು ಕಂಡೆ.

೧. ಯಾವ ಚಟ್ಟಿ?

ಅದು ಅಂದರೆ ಗಾರ್ಡನ್ ಟ್ರ್ಯಾಕ್ಟರು. ದೊಡ್ಡ ಟ್ರ್ಯಾಕ್ಟರಿನ ಮರಿಯ ಹಾಗೆ ಸೊಂಟದೆತ್ತರ ಇರುತ್ತದೆ. ಹೊರದೇಶದಲ್ಲಿ ಬಂಗಲೆಯವರು ಹುಲ್ಲು ಕತ್ತರಿಸಲಿಕ್ಕೆ, ಮನೆ ಹಿಂದಿನ ತೋಟ ಉಳಲಿಕ್ಕೆ ಇಟ್ಟುಕೊಳ್ಳುವಂಥದ್ದು. ಯಾವುದೋ ಕಾಲದಲ್ಲಿ ಯಾರೋ ಹಡಗಿನಲ್ಲಿ ತರಿಸಿದ್ದು, ಆಮೇಲೆ ಯಾರಿಗೂ ಬೇಡವಾಗಿ ಕಬ್ಬಿಣದ ರಾಶಿಗೆ ಬಂದು ಬಿದ್ದಿತ್ತು. ಗುಜರಿಯವರು ಗ್ಯಾಸ್ ಕಟ್ಟರ್ ಹಿಡಿದು ನಿಂತಿದ್ದರು. ನಾನು ಇನ್ನೊಂದು ಚಾ ಕುಡಿದು ಹೋಗಿದ್ದರೆ ಅದು ನಾಲ್ಕು ತುಂಡಾಗಿರುತ್ತಿತ್ತು. ಕಟ್ಟರ್ ಆರಿಸಲು ಹೇಳಿ ಅಲ್ಲೇ ಕ್ರಯ ಮಾತಾಡಿದೆ. ಅಲ್ಲಿಂದಲೇ ಟೆಂಪೋ ಮಾಡಿಸಿ ಮನೆಗೆ ತಂದೆ.

ಇಳಿಸುವಾಗ ನೆರೆಮನೆಯ ನಿವೃತ್ತ ಹೆಡ್‌ಮಾಸ್ಟ್ರು ಕಂಪೌಂಡಿನ ಮೇಲೆ ಕೈಯಿಟ್ಟು ಕೇಳಿದರು, "ಎಂತ ಇದು?"

"ಗಾರ್ಡನ್ ಟ್ರ್ಯಾಕ್ಟರ್ ಸರ್. ತೋಟ ಉಳಲಿಕ್ಕೆ."

ಅವರು ನಮ್ಮ ಅಂಗಳವನ್ನು ಒಂದು ಸುತ್ತು ನೋಡಿದರು. ಗೇಟಿನಿಂದ ಜಗಲಿಯವರೆಗೆ ಇಂಟರ್‌ಲಾಕ್ ಹಾಕಿದ ಅಂಗಳ. ಜಗಲಿಯ ಬದಿಯಲ್ಲಿ ಸಾಲಾಗಿ ಐದು ಹೂವಿನ ಚಟ್ಟಿ. ಅದರಲ್ಲಿ ಒಂದು ಕ್ರೋಟನ್.

"ಒಳ್ಳೇದು," ಅಂದರು, "ಯಾವ ಚಟ್ಟಿಯಿಂದ ಶುರು ಮಾಡ್ತೀರಿ?"

೨. ಮಡದಿಯ ಶರತ್ತು

ಟ್ರ್ಯಾಕ್ಟರು ಬಂದು ಅಂಗಳದ ನಟ್ಟನಡುವೆ ಕೂತು ಒಂದು ಮಳೆಗಾಲ ಕಳೆಯಿತು. ಅಷ್ಟರಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಮದುವೆಯ ಮುಂಚಿನ ದಿನ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ರೋಸ್ ಇರುತ್ತದೆ. ಮನೆಯಲ್ಲಿಯೇ ಮದುಮಗಳನ್ನು ಕೂರಿಸಿ ತಲೆಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅದಕ್ಕೆ ಶಾಮಿಯಾನ ಬೇಕು. ಶಾಮಿಯಾನಕ್ಕೆ ಅಂಗಳ ಬೇಕು. ಅಂಗಳದಲ್ಲಿ ಟ್ರ್ಯಾಕ್ಟರು ಉಂಟು.

ಮಡದಿ ಒಂದೇ ಮಾತು ಹೇಳಿದಳು. "ಶಾಮಿಯಾನದವರು ಬರುವ ದಿನ ಅದು ತಾನೇ ನಡೆದು ಗೇಟು ದಾಟಿದರೆ ಇಟ್ಟುಕೊಳ್ಳಿ. ದಾಟದಿದ್ದರೆ ಗುಜರಿಗೆ. ದೂಡುವ ಹಾಗಿಲ್ಲ, ಎಳೆಯುವ ಹಾಗಿಲ್ಲ."

"ಅಷ್ಟು ಅವಸರದಲ್ಲಿ ಗುಜರಿಯವರು ಸಿಗಬೇಕಲ್ಲ," ಅಂದೆ.

"ಅವರ ನಂಬ್ರ ನನ್ನ ಹತ್ತಿರ ಉಂಟು. ಆಂಬುಲೆನ್ಸಿನ ನಂಬ್ರದ ಕೆಳಗೇ ಸೇವ್ ಮಾಡಿಟ್ಟಿದ್ದೇನೆ."

೩. ಎಂತ ಸ್ಪೆಷಲ್?

ಎಂಜಿನ್ನಿನ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಇಂಥದ್ದಕ್ಕೆ ಎಣ್ಣೆ ಹೊಯ್ದು ನೆನೆಯಲಿಕ್ಕೆ ಬಿಡಬೇಕು. ಯಾವ ಎಣ್ಣೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಕೈಗೆ ಸಿಕ್ಕಿದ್ದು ಮಡದಿ ಮಿಲ್ಲಿನಲ್ಲಿ ಆಡಿಸಿ ತಂದಿದ್ದ ತೆಂಗಿನೆಣ್ಣೆ. ಅವಳು ಇಗರ್ಜಿಗೆ ಹೋಗಿದ್ದ ಹೊತ್ತು ನೋಡಿ ಅರ್ಧ ಕ್ಯಾನು ಹೊಯ್ದೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹತ್ತು ದಿನದಲ್ಲಿ ಪಿಸ್ಟನ್ ಬಿಟ್ಟಿತು! ಹಗ್ಗ ಸುತ್ತಿ ಎಳೆದೆ. ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಎಳೆದೆ, ಹಿಡಿದುಕೊಂಡಿತು. ಒಳಗಿನ ತೆಂಗಿನೆಣ್ಣೆಯೆಲ್ಲ ಕಾದು ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೊರಟು ಓಣಿ ತುಂಬ ಕರಿದ ತಿಂಡಿಯ ಪರಿಮಳ ಹಬ್ಬಿತು. ಆಚೆ ಮನೆಯ ಬೆಕ್ಕು ಬಂದು ಮುಂದೆ ಕೂತಿತು. ಅದರ ಹಿಂದೆ ಹೆಡ್‌ಮಾಸ್ಟ್ರು ಕೈಯಲ್ಲೊಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದು ಬಂದರು.

"ಎಂತ ಸ್ಪೆಷಲ್? ಹೇಗೂ ಬಾಣಲೆ ಇಟ್ಟಿದ್ದೀರಿ, ಈ ನಾಲ್ಕು ಹಲಸಿನ ಹಪ್ಪಳ ಕಾಯಿಸಿ ಕೊಡ್ತೀರಾ?"

ನಾನು ಉತ್ತರ ಹೇಳಲು ಬಾಯಿ ತೆರೆಯುವಾಗ ಎಂಜಿನ್ನಿನ ಒಳಗೆ ಢಬ್ ಎಂದು ಏನೋ ಮುರಿದು, ಅದರದೇ ಕಬ್ಬಿಣದ ಗೋಡೆ ಸೀಳಿ ಹೊರಗೆ ಬಂತು. ಕೊನೆಗೆ ಉಳಿದದ್ದು ಹಪ್ಪಳ ಮಾತ್ರ.

೪. ಅಸಲಿ ಬಣ್ಣ

ಹಳೆಯ ಟ್ರ್ಯಾಕ್ಟರಿನ ಹುಚ್ಚಿನವರದ್ದು ಒಂದು ವಾಟ್ಸಾಪ್ ಗ್ರೂಪ್ ಉಂಟು. ಹೆಚ್ಚಿನವರು ಹೊರದೇಶದವರು, ಮಡಿವಂತರು. ಬೋಲ್ಟು ಸಹ ಅಸಲಿಯೇ ಆಗಬೇಕು, ಬಣ್ಣವಂತೂ ಹುಟ್ಟಿದಾಗಿನದ್ದೇ ಆಗಬೇಕು. ನನ್ನ ಟ್ರ್ಯಾಕ್ಟರಿನ ಮುಂದೆ ಒಂದು ಬಾಗಿದ ಅಗಲ ಹಲಗೆ ಇತ್ತು. ಯಾಕೆಂದು ಗೊತ್ತಾಗದೆ ಫೋಟೊ ಹಾಕಿದೆ. ಗ್ರೂಪಿನಲ್ಲಿ ಹಬ್ಬವೇ ಆಯಿತು. ಅದು ಬಾಗಿಲ ಮುಂದಿನ ಹಿಮ ದೂಡುವ ಹಲಗೆಯಂತೆ, ಬಹಳ ಅಪರೂಪವಂತೆ, ಜೋಪಾನ ಮಾಡಬೇಕಂತೆ. ಮಡದಿ ಜೋಪಾನ ಮಾಡಿದಳು. ಹಿಮ ಬೀಳುವ ತನಕ ಇರಲಿ ಎಂದು ಅದನ್ನು ಅಂಗಾತ ಮಲಗಿಸಿ, ಬಟ್ಟೆ ಹಾಸಿ ಸಂಡಿಗೆ ಒಣಗಿಸಿದಳು.

ನಾನು ಅಸಲಿ ಬಣ್ಣದ ಹಿಂದೆ ಬಿದ್ದೆ. ಮೇಲೆ ನೀಲಿ ಇತ್ತು. ಉಜ್ಜಿದೆ, ಅದರ ಅಡಿಯಲ್ಲಿ ಹಸಿರು. ಮತ್ತೆ ಉಜ್ಜಿದೆ, ಕೆಂಪು. ಕೆಂಪೇ ಅಸಲಿ ಎಂದು ಖುಷಿಪಟ್ಟರೆ ಅದರಡಿಯಲ್ಲಿ ಹಳದಿಯ ಒಂದು ಚುಕ್ಕೆ ಕಂಡಿತು. ಕೊಟ್ಟಾರದಲ್ಲಿ ಲೇತ್ ಶಾಪ್ ಇಟ್ಟ ನನ್ನ ಸ್ನೇಹಿತರೊಬ್ಬರು ಆವತ್ತು ಬಂದಿದ್ದರು. ತುಳುವರು. ಅವರು ನಮ್ಮವರನ್ನು ಕರೆಯುವ ರೂಢಿಯಂತೆ ನನ್ನನ್ನು ಪೊರ್ಬುಳೇ ಎಂದೇ ಕರೆಯುವುದು. ಅರ್ಧ ಗಂಟೆ ನಾನು ಉಜ್ಜುವುದನ್ನೇ ನೋಡಿ ಹೇಳಿದರು:

"ಪೊರ್ಬುಳೇ, ಇನ್ನೊಂಚೂರು ಉಜ್ಜಿ. ಆಚೆ ಬದಿಯ ರಸ್ತೆ ಕಾಣ್ತದೆ."

೫. ನಾಲ್ಕು ಲಿಂಬೆ

ಹಳೆಯ ಎಂಜಿನ್ ಸತ್ತಿತ್ತಲ್ಲ, ಅದರ ಜಾಗಕ್ಕೆ ಒಂದು ಡೀಸೆಲ್ ಆಟೋರಿಕ್ಷಾದ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ತಂದೆವು. ಗ್ರೂಪಿನವರಿಗೆ ತಿಳಿಸಲಿಲ್ಲ, ಪಾಪ, ವಯಸ್ಸಾದವರು. ನೇರವಾಗಿ ಕೂರಿಸಿದರೆ ಸೈಲೆನ್ಸರ್ ನನ್ನ ತೊಡೆಗೆ ತಾಗುತ್ತಿತ್ತು. "ತಿರುಗಿಸಿ ಕೂರಿಸುವ," ಅಂದರು ಲೇತಿನವರು. ತಿರುಗಿಸಿ ಇಟ್ಟರೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಚಾಸಿಯನ್ನು ಕೆಂಪುಕಲ್ಲಿನ ಮೇಲೆ ಏರಿಸಿ ಸ್ಟಾರ್ಟ್ ಮಾಡಿದೆವು. ಚಕ್ರ ಗರಗರ ತಿರುಗಿತು. ನಾವಿಬ್ಬರು ಅಪ್ಪಿಕೊಂಡೆವು.

ರೋಸಿಗೆ ಎರಡು ದಿನ ಇರುವಾಗ ಬೆಳಗ್ಗೆಯೇ ಶಾಮಿಯಾನದವರು ಬಂದು ಕುರ್ಚಿಗಳನ್ನು ಜಗಲಿಯ ಬದಿಯಲ್ಲಿ ಪೇರಿಸಿಟ್ಟು ಕಾದು ನಿಂತರು. ಟ್ರ್ಯಾಕ್ಟರು ಗೇಟಿಗೆ ಮುಖ ಮಾಡಿ ನಿಂತಿತ್ತು. ಮಡದಿಯ ಒಂದು ಕೈಯಲ್ಲಿ ಇಗರ್ಜಿಯ ಪವಿತ್ರ ಜಲ, ಇನ್ನೊಂದರಲ್ಲಿ ಮೊಬೈಲು. ಎಷ್ಟು ಸಿಟ್ಟಿದ್ದರೂ ನೀರು ಚಿಮುಕಿಸಿ ಶಿಲುಬೆ ಗುರುತು ಮಾಡಿದಳು. ಲೇತಿನವರು ಬಿಡಲಿಲ್ಲ. "ಹೊಸತಾಗಿ ಹೊರಡುವ ಗಾಡಿ. ಲಿಂಬೆ ಇಡದೆ ಆಗ್ತದಾ?" ಎಂದು ನಾಲ್ಕೂ ಚಕ್ರದ ಮುಂದೆ ಒಂದೊಂದು ಲಿಂಬೆಹಣ್ಣು ಇಟ್ಟರು. ಅದರ ಮೇಲೆ ಹತ್ತಿಸಿಕೊಂಡೇ ಹೋಗಬೇಕು.

ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಟ್ರ್ಯಾಕ್ಟರು ಹೊರಟಿತು. ಹಿಂದಕ್ಕೆ.

ಗೇರ್ ತಪ್ಪಿತೇನೋ ಎಂದು ಸೆಕೆಂಡ್ ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ. ಕುರ್ಚಿಗಳ ರಾಶಿ ದಡದಡ ಉರುಳಿತು. ಹೂವಿನ ಚಟ್ಟಿಗಳ ಮೇಲೆ ಹತ್ತಿ, ಜಗಲಿಯ ಮೆಟ್ಟಿಲಿಗೆ ಬಡಿದು ನಿಂತೆ. ಕಂಪೌಂಡಿನ ಆಚೆಯಿಂದ ಹೆಡ್‌ಮಾಸ್ಟ್ರ ದನಿ ಬಂತು: "ಕ್ರೋಟನ್ನಿಂದ ಶುರು ಮಾಡಿದ್ರಿ, ಅಲ್ವಾ?"

ನಾಲ್ಕು ಲಿಂಬೆಯೂ ಅಂಗಳದ ನಡುವೆ ಇಟ್ಟ ಹಾಗೇ ಇದ್ದವು. ಲೇತಿನವರು ಅವುಗಳನ್ನು ನೋಡಿದರು, ನನ್ನನ್ನು ನೋಡಿದರು. "ಪೊರ್ಬುಳೇ, ಎಂಜಿನ್ ತಿರುಗಿಸಿ ಇಟ್ಟೆವಲ್ಲ, ಗೇರೂ ತಿರುಗಿದೆ. ಮುಂದಕ್ಕೆ ಇದ್ದ ನಾಲ್ಕೂ ಈಗ ಹಿಂದಕ್ಕೆ." ಕಲ್ಲಿನ ಮೇಲೆ ಚಕ್ರ ತಿರುಗಿದಾಗ ಯಾವ ಕಡೆಗೆ ತಿರುಗುತ್ತದೆ ಎಂದು ಇಬ್ಬರೂ ನೋಡಿರಲಿಲ್ಲ. ಇಪ್ಪತ್ತಾರು ವರ್ಷದ ಫೋರ್‌ಮನ್ ನಾನು! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಡದಿ ಮೊಬೈಲಿನಲ್ಲಿ ನಂಬ್ರ ಹುಡುಕುತ್ತಿದ್ದಳು.

ಆಗ ನನಗೆ ಹೊಳೆಯಿತು. ನಾಲ್ಕೂ ಹಿಂದಕ್ಕಾದರೆ ರಿವರ್ಸ್ ಮುಂದಕ್ಕಲ್ಲವೇ? ರಿವರ್ಸ್ ಹಾಕಿದೆ. ಎಂಜಿನ್ ಊರಿಗೇ ಕೇಳುವಂತೆ ಕಿರುಚಿತು. ಟ್ರ್ಯಾಕ್ಟರು ಮಾತ್ರ ಮೊಣಕಾಲು ನೋವಿನ ಅಜ್ಜಿಯಂತೆ ಮೆಲ್ಲ ಮುಂದೆ ಬಂತು. ಒಂದು ಲಿಂಬೆ ಪಚಕ್. ಇನ್ನೊಂದು ಪಚಕ್. ಶಾಮಿಯಾನದವರು ಚಪ್ಪಾಳೆ ಹೊಡೆಯುತ್ತ ಪಕ್ಕದಲ್ಲಿ ನಡೆದರು, ಅವರೇ ಮುಂದೆ ಹೋಗಿ ಕಾಯಬೇಕಾಯಿತು. ಯಾರೂ ದೂಡಲಿಲ್ಲ, ಯಾರೂ ಎಳೆಯಲಿಲ್ಲ. ಗೇಟು ದಾಟಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಡೀಸೆಲ್ ಹೊಗೆ ಎಂದು ಎಲ್ಲರಿಗೂ ಹೇಳಿದೆ.

ಮಡದಿ ಗೇಟಿನವರೆಗೆ ಬಂದು ಲೇತಿನವರನ್ನು ಕೇಳಿದಳು, "ಇದು ಇನ್ನು ಹೀಗೆಯೇ ಇರುವುದಾ?"

"ಹೌದು ಬಾಯಮ್ಮ. ಹೊರಗೆ ಹೋಗಲಿಕ್ಕೆ ಒಂದೇ ಗೇರು. ವಾಪಸ್ ಬರಲಿಕ್ಕೆ ನಾಲ್ಕು."

ಅವಳು ಮೊಬೈಲನ್ನು ಸೆರಗಿನೊಳಗೆ ಸಿಕ್ಕಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೊರಗೆ ಹೋಗಲಿಕ್ಕೆ ಇಷ್ಟು ನಿಧಾನ, ಮನೆಗೆ ಬರಲಿಕ್ಕೆ ಇಷ್ಟು ಅವಸರ. ಇಪ್ಪತ್ತಾರು ವರ್ಷ ನೀವು ಇದರ ಉಲ್ಟಾ ಇದ್ರಿ. ಇದು ಮನೆಯಲ್ಲೇ ಇರಲಿ ಮಾರಾಯ್ರೇ. ಗುಜರಿಗೆ ಕೊಡುವುದಾದರೆ ನಿಮ್ಮನ್ನು ಕೊಡುವ."