ಕೈ ಬೀಸಿದರಷ್ಟೇ ಉರಿಯುವ ದೀಪದ ಕುರಿತು

ಗೋಡೆ ಇರಬೇಕಾದಲ್ಲಿ ಗಾಜನ್ನೂ ಸ್ವಿಚ್ಚು ಇರಬೇಕಾದಲ್ಲಿ ಬರಿಗೋಡೆಯನ್ನೂ ಇರಿಸಬಲ್ಲ ಮಾನ್ಯ ವಾಸ್ತುಶಿಲ್ಪಿಗಳ ಸನ್ನಿಧಾನಕ್ಕೆ, ಹೊಲಿಗೆಯವಳೊಬ್ಬಳ ಅನಂತ ನಮಸ್ಕಾರಗಳು.

ಮಾನ್ಯರೇ,

ನಮ್ಮ ಅಜ್ಜನ ಕಾಲದ ಕಲ್ಲುಮನೆಯ ಬೆನ್ನಿಗೆ, ನನ್ನ ಹೊಲಿಗೆ ಕೆಲಸಕ್ಕೆಂದು ತಾವು ಅಂಟಿಸಿಕೊಟ್ಟ ಹೊಸ ಕೋಣೆ ಕ್ಷೇಮವಾಗಿದೆ. ಹಳೆಯ ಮನೆಯ ಕಿಟಕಿಗಳು ಅಂಗೈಯಗಲದವು. ಹಾಡಹಗಲಲ್ಲೂ ಸೂಜಿಯ ಕಣ್ಣು ಕಾಣದು. ಅದನ್ನು ಕಂಡು ಮರುಗಿದ ತಾವು ಮೂರು ಕಡೆ ಗಾಜು ನಿಲ್ಲಿಸಿದ್ದಲ್ಲದೆ, ಒಳಗಿದ್ದವರು ಅಲ್ಲಾಡಿದರೆ ತಾನಾಗಿ ಹತ್ತುವ, ಸುಮ್ಮನಿದ್ದರೆ ತಾನಾಗಿ ಆರುವ ದೀಪವನ್ನೂ ಕರುಣಿಸಿದಿರಿ. ಸೂಜಿಗೆ ದಾರ ಪೋಣಿಸುವವಳು ಉಸಿರು ಬಿಗಿಹಿಡಿದು ಕೂರುತ್ತಾಳೆಂಬುದು ತಮ್ಮಂಥ ದೊಡ್ಡವರಿಗೆ ಹೇಗೆ ತಾನೇ ಗೊತ್ತಾಗಬೇಕು?

ಅದಿರಲಿ. ಸಂಜೆ ನಾನು ಹೊಲಿದ ಬಟ್ಟೆ ತಲುಪಿಸಲು ಹೊರಟರೆ, ಅಪ್ಪ ಪತ್ರಿಕೆ ಹಿಡಿದು ಆ ಕೋಣೆ ಸೇರತೊಡಗಿದರು. ಪತ್ರಿಕೆ ಹಿಡಿದ ಅಪ್ಪನೆಂದರೆ ಕಲ್ಲುಕಂಬ. ಹೀಗಾಗಿ ನಿಮಿಷಕ್ಕೊಮ್ಮೆ ದೀಪ ಆರುವುದು, ಅವರು ಕೈಯೆತ್ತಿ ಬೀಸುವುದು, ಮತ್ತೆ ಆರುವುದು, ಮತ್ತೆ ಬೀಸುವುದು.

ಗಾಜಿನ ಎದುರಿಗೇ ಚಿಕ್ಕಪ್ಪನ ಅಡುಗೆಮನೆಯ ಕಿಟಕಿ ಇರುವುದನ್ನು ತಮ್ಮ ಅಂದವಾದ ನಕ್ಷೆ ಗಮನಿಸಿರಲಿಲ್ಲ. ಅಜ್ಜನ ಗೋಡೆ ಗಡಿಯಾರ ಯಾರಿಗೆ ಸೇರಬೇಕೆಂಬ ಮಾತಿಗೆ ಮುಖ ತಿರುಗಿಸಿಕೊಂಡ ಅಣ್ಣತಮ್ಮಂದಿರು ಒಂಬತ್ತು ವರ್ಷ ಒಂದು ಮಾತೂ ಆಡಿದವರಲ್ಲ. ಅಂಥ ತಮ್ಮನಿಗೆ ಅಣ್ಣ ಒಂದೇ ಸಂಜೆ ಹನ್ನೊಂದು ಸಲ ಕೈ ಬೀಸಿದರೆ, ಪಾಪ, ಅವರಾದರೂ ಏನು ಮಾಡಿಯಾರು? ನಾನು ಮನೆಗೆ ಮರಳುವ ಹೊತ್ತಿಗೆ ಚಿಕ್ಕಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತಾ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

“ಏನಣ್ಣಾ, ಕರೆದ್ಯಲ್ಲ?” ಎಂದರು.

“ಯಾರು ಕರೆದ್ರು? ನಾನು ದೀಪಕ್ಕೆ...” ಎಂದ ಅಪ್ಪ ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಯಾರೂ ಅಲ್ಲಾಡಲಿಲ್ಲ. ದೀಪ ಆರಿತು. ಕತ್ತಲಲ್ಲಿ ಅಪ್ಪನ ದನಿಯಷ್ಟೇ ಕೇಳಿಸಿತು: “ಹೂಂ, ಕರೆದೆ. ಬಾ, ಕೂತ್ಕೋ.”

ನಾನು ಬಟ್ಟೆಯ ಚೀಲ ಎದೆಗವಚಿಕೊಂಡು, ದೀಪ ಎಲ್ಲಿ ಹತ್ತಿಬಿಡುತ್ತದೋ ಎಂದು ಹೊರಗೇ ನಿಂತೆ.

ಅಂದಿನಿಂದ ಇಬ್ಬರೂ ತಪ್ಪದೆ ಸೇರುತ್ತಾರೆ. ಒಂಬತ್ತು ವರ್ಷ ಆಡದೆ ಉಳಿದ ಜಗಳವನ್ನೆಲ್ಲ ಕೈ ತಿರುವಿ ತಿರುವಿ ಆಡುತ್ತಿರುವುದರಿಂದ ದೀಪ ಈಗ ಆರುವುದೇ ಇಲ್ಲ; ಇದು ತಮ್ಮ ತಂತ್ರಜ್ಞಾನದ ಗೆಲುವೆಂದೇ ನಾನು ಊರಿಗೆಲ್ಲ ಹೇಳುತ್ತಿದ್ದೇನೆ. ಆದರೆ ನನ್ನ ಕುರ್ಚಿಯಲ್ಲಿ ಚಿಕ್ಕಪ್ಪ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಫಿ ಲೋಟ. ನಾನೂ ನನ್ನ ಹೊಲಿಗೆ ಯಂತ್ರವೂ ಕಲ್ಲುಗೋಡೆಯ ಕತ್ತಲಿಗೇ ವಾಪಸಾಗಿದ್ದೇವೆ.

ಆದ್ದರಿಂದ ದಯಮಾಡಿ ಇನ್ನೊಂದು ಕೋಣೆ ಕಟ್ಟಿಕೊಡಿ: ಬೆಳಕು ಬರಬೇಕು, ಬಂಧುಗಳು ಬರಬಾರದು. ಆ ದೀಪವನ್ನು ಮಾತ್ರ ಮುಟ್ಟಬೇಡಿ. ರಿಪೇರಿಗೆಂದು ತಮ್ಮ ಕಡೆಯವರು ಯಾರೇ ಬಂದರೂ ಗೇಟಿನಿಂದಲೇ ಸಕಲ ಮರ್ಯಾದೆಗಳೊಂದಿಗೆ ವಾಪಸು ಕಳಿಸುತ್ತೇನೆ.

ಇದ್ದ ಕೋಣೆಯನ್ನೂ ಬಿಟ್ಟುಕೊಟ್ಟ,
ತಮ್ಮ ವಿಶ್ವಾಸಿ,
ಹೊಲಿಗೆಯವಳು

ತಾ.ಕ.: ಚಿಕ್ಕಪ್ಪನಿಗೂ ಈಗ ಇಂಥದೇ ಕೋಣೆ ಬೇಕಂತೆ. ಹೇಗೆ ಕಟ್ಟಬೇಕೆಂದು ತಮಗೆ ಅಪ್ಪ ಹೇಳಿಕೊಡುತ್ತಾರಂತೆ. ಅಪ್ಪ ಹೇಳಿದ್ದು ತಪ್ಪೆಂದು ಚಿಕ್ಕಪ್ಪ ತಿದ್ದುತ್ತಾರಂತೆ. ನಾಳೆ ಬೆಳಿಗ್ಗೆ ಇಬ್ಬರೂ ತಮ್ಮ ಕಚೇರಿಗೆ ಬರುತ್ತಿದ್ದಾರೆ. ವಿಳಾಸ ಕೊಟ್ಟವಳು ನಾನೇ.